ಉಳಿದ ಕಾಲು

ಸ್ನಾನಕ್ಕೆ ಹೋಗುವಾಗ ಫೋನನ್ನು ಭಾವಮೈದನ ಕೈಗೆ ಕೊಡಬಾರದು. ಕುರ್ಚಿ ಬಡಗಿಗೆ ಈ ಬುದ್ಧಿ ಬಂದದ್ದು ಅವತ್ತು ಸಂಜೆ ನಾಲ್ಕೂಕಾಲಿಗೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ.

ಮೂವತ್ತೆರಡು ವರ್ಷದಿಂದ ಹಳೇ ಕಾಲದ ಕುರ್ಚಿ ಬಿಚ್ಚಿ, ಜೋಡಿಸಿ, ಬೆತ್ತ ಹೆಣೆದು ಊರವರನ್ನೆಲ್ಲ ಕೂರಿಸಿದವನಿಗೆ ಸ್ವಂತಕ್ಕೊಂದು ಕುರ್ಚಿ ಇರಲಿಲ್ಲ. ಕೆಲಸವೆಲ್ಲ ನಿಂತು, ಸುಸ್ತಾದರೆ ಕೂರಲಿಕ್ಕೆ ಪಾಲಿಶ್ ಡಬ್ಬ. ಸೊಂಟ ಹಿಡಿದಾಗ ಡಾಕ್ಟರು, "ಮಾತ್ರೆ ಬೇಡ, ಒಳ್ಳೇ ಕುರ್ಚೀಲಿ ಬೆನ್ನು ಒರಗಿಸಿ ಕೂತ್ಕೊಳ್ಳಿ" ಅಂದಿದ್ದರು. ಅವನಿಗೆ ನಗು ಬಂದಿತ್ತು, ಸೊಂಟ ನಗಲು ಬಿಡಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಭೂತಗನ್ನಡಿಯಮ್ಮನ ಕುರ್ಚಿ. ಹಳೇ ಸಾಮಾನು ಕೂಡಿಡುವ ಆ ಹೆಂಗಸು ಕೆಲಸ ಒಪ್ಪಿಸಿಕೊಳ್ಳುವಾಗ ಭೂತಗನ್ನಡಿ ಹಿಡಿದು ಒಂದೊಂದು ಸಂದೂ ನೋಡುತ್ತಿದ್ದದ್ದಕ್ಕೆ ಬೀದಿಯವರು ಇಟ್ಟ ಹೆಸರು ಅದು. ಅವಳ ಕುರ್ಚಿಗೆ ಒಂದೇ ಒಂದು ಮೊಳೆ ಇಲ್ಲ, ಎಲ್ಲ ಬೆಣೆಯ ಮೇಲೆ ನಿಂತದ್ದು. ಬೆನ್ನು ಎಷ್ಟು ಬೇಕೋ ಅಷ್ಟೇ ವಾಲಿದೆ. ಬೆತ್ತ ಹಾಕಲು ಆ ಕುರ್ಚಿ ಅಂಗಡಿಗೆ ಬಂದಾಗ ಬಡಗಿ ಅದರ ಅಳತೆ ತೆಗೆದಿಟ್ಟುಕೊಂಡ. ಹಳೇ ಬಾಗಿಲ ಚೌಕಟ್ಟಿನ ಮರದಲ್ಲಿ, ಬಿಡುವಾದಾಗೆಲ್ಲ ಕೂತು ಅಲ್ಲ, ನಿಂತು, ಏಳು ತಿಂಗಳಲ್ಲಿ ಅಂಥದ್ದೇ ಒಂದು ಮಾಡಿದ. ಇನ್ನು ಕಾಲಿಗೆ ಬೆಣೆ ಹೊಡೆಯುವುದೊಂದೇ ಬಾಕಿ. ಇವತ್ತು ಸಂಜೆ ಕೂತೇ ಕೂರುತ್ತೇನೆ ಅಂದುಕೊಂಡು ಸ್ನಾನಕ್ಕೆ ಹೋದ.

ಬಂದಾಗ ಬಾಗಿಲಲ್ಲಿ ಭೂತಗನ್ನಡಿಯಮ್ಮನ ಕುರ್ಚಿ ಇತ್ತು. ಮೂರು ಕಾಲು ಅಲ್ಲಾಡುತ್ತಿದ್ದವು, ನಾಲ್ಕನೆಯದರ ಜಾಗದಲ್ಲಿ ಬರೀ ತೂತು.

"ಆ ಅಮ್ಮ ಆಳಿನ ಕೈಲಿ ಕಳಿಸಿ ಫೋನ್ ಮಾಡಿದ್ರು ಭಾವ," ಅಂದ ಭಾವಮೈದ. "ನಾಲ್ಕು ಗಂಟೆಗೆ ಬರ್ತಾರಂತೆ. 'ಮುಕ್ಕಾಲು ಮಾಡಿಡಿ, ಉಳಿದ ಕಾಲು ನಾನೇ ನೋಡ್ಕೋತೀನಿ' ಅಂದ್ರು."

ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ಬಡಗಿ ಮಧ್ಯಾಹ್ನದೊಳಗೆ ಮೂರು ಕಾಲು ಗಟ್ಟಿ ಮಾಡಿದ.

ಅಷ್ಟರಲ್ಲಿ ಎದುರುಮನೆಯ ಲೆಕ್ಕದ ಮೇಷ್ಟ್ರು ದಿನದಂತೆ ಪುಕ್ಕಟೆ ಪೇಪರ್ ಓದಲು ಬಂದರು. ಕುರ್ಚಿ ನೋಡಿ, ವಿಷಯ ಕೇಳಿ, ಕನ್ನಡಕ ಹಣೆಗೇರಿಸಿದರು.

"ಮುಕ್ಕಾಲು ಅಂದ್ರೇನು?"

"ಮೂರು ಕಾಲು."

"ನಿನ್ನ ತಲೆ. ನಾಲ್ಕರಲ್ಲಿ ಮೂರು ಪಾಲು. ಮುಕ್ಕಾಲು ಪಾಲು ಕೆಲಸ ನಿಂದು. ಉಳಿದ ಕಾಲು ಪಾಲು, ಅಂದ್ರೆ ಪಾಲಿಶ್ಶು, ಅವರದು."

ಪಕ್ಕದಂಗಡಿಯ ದರ್ಜಿಯೂ ಬಂದು ನಿಂತ. "ಸರಿ ಹೇಳಿದ್ರಿ. ನಾನು ಅಂಗಿಗೆ ಒಂದು ತೋಳು ಹೊಲಿದು, ಇನ್ನೊಂದು ನೀವೇ ನೋಡ್ಕೊಳ್ಳಿ ಅಂತೀನಾ?"

ಫೋನ್ ಮಾಡಿದರೆ ಅವಳದು ಸ್ವಿಚ್ ಆಫ್. ಬಡಗಿ ಭಾವಮೈದನ ಮುಖ ನೋಡಿದ.

"ಹಾಗೂ ಅಂದಿರಬಹುದು ಭಾವ. ನಾನು ಕೇಳಿದ್ದನ್ನ ಹೇಳ್ದೆ. ಅರ್ಥ ನನ್ನ ಕೈಲಿಲ್ಲ."

ಗಂಟೆ ಎರಡೂವರೆ. ಅಂಥ ಕಾಲು ಕಡೆಯಲು ಎರಡು ದಿನ ಬೇಕು. ಮೂವರ ಕಣ್ಣೂ ಒಟ್ಟಿಗೆ ಮೂಲೆಯಲ್ಲಿದ್ದ ಬಡಗಿಯ ಕುರ್ಚಿಯ ಕಡೆ ಹೊರಳಿತು.

"ಅದು ನಂದು," ಅಂದ ಬಡಗಿ.

"ನಾಳೆ ಇನ್ನೊಂದು ಕಾಲು ಮಾಡ್ಕೋ," ಅಂದರು ಮೇಷ್ಟ್ರು. "ಮೂವತ್ತೆರಡು ವರ್ಷ ನಿಂತೋನಿಗೆ ಇನ್ನೆರಡು ದಿನ ಒಂದು ಲೆಕ್ಕವಾ?"

ವಾದ ಮಾಡಲು ಕೂತುಕೊಳ್ಳಬೇಕು. ನಿಂತು ನಿಂತು ಸಾಕಾದವನಿಗೆ ಒಪ್ಪುವುದೇ ಸುಲಭ. ತನ್ನ ಕುರ್ಚಿಯ ಕಾಲು ಕಿತ್ತು, ಅದರ ತುದಿ ಸೀಳಿ, ಬೆಣೆ ಇಟ್ಟು, ಭೂತಗನ್ನಡಿಯಮ್ಮನ ಕುರ್ಚಿಗೆ ಬಡಿದ. ಬೆಣೆ ಒಳಗೆ ಹೋಗಿ ಅರಳಿ ಕೂತಿತು. ಹಾಗೆ ಕೂತ ಕಾಲು ಆಮೇಲೆ ಗರಗಸಕ್ಕಲ್ಲದೆ ಯಾರಪ್ಪನಿಗೂ ಬಗ್ಗುವುದಿಲ್ಲ.

ನಾಲ್ಕಕ್ಕೆ ಸರಿಯಾಗಿ ಭೂತಗನ್ನಡಿಯಮ್ಮ ಕಂಕುಳಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಬಂದಳು. ಭೂತಗನ್ನಡಿ ಹಿಡಿದು ಬಗ್ಗಿದಳು.

"ಇದು ಯಾರ ಕಾಲು?"

"ನಂದು," ಅಂದ ಬಡಗಿ.

"ಉಳಿದ ಕಾಲು ನಾನೇ ನೋಡ್ಕೋತೀನಿ ಅಂತ ಹೇಳಿದ್ನಲ್ಲ?" ಅವಳು ಗಂಟು ಬಿಚ್ಚಿದಳು. ಒಳಗೆ, ಮಗುವಿನ ಹಾಗೆ ಮೆತ್ತಗೆ ಸುತ್ತಿಟ್ಟಿದ್ದ ಕುರ್ಚಿಯ ನಾಲ್ಕನೇ ಕಾಲು. "ಕಳಚಿ ಎಲ್ಲೋ ಸೇರಿದ್ದನ್ನ ಮೂರು ದಿನ ಅಟ್ಟವೆಲ್ಲ ಜಾಲಾಡಿ ಹುಡುಕಿದೀನಿ."

ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ದರ್ಜಿಗೆ ಇಸ್ತ್ರಿಪೆಟ್ಟಿಗೆ ಆರಿಸಿಲ್ಲವೆಂದು ನೆನಪಾಯಿತು.

"ಅಮ್ಮಾ, ನಂದು ಗಟ್ಟಿಯಾಗಿ ಕೂತಿದೆ. ಅದೇ ಇರಲಿ. ನಿಮ್ಮದನ್ನ ನನಗೆ ಬಿಟ್ಟು ಹೋಗಿ," ಅಂದ ಬಡಗಿ. ಜೀವನದಲ್ಲಿ ಅಷ್ಟು ದೀನವಾಗಿ ಅವನು ಯಾರನ್ನೂ ಕೇಳಿರಲಿಲ್ಲ.

"ನೂರು ವರ್ಷದ ಕುರ್ಚಿಗೆ ನಿನ್ನೆಯ ಕಾಲಾ? ತೆಗೀರಿ."

ಗರಗಸ ಹಿಡಿದು ತೆಗೆದ. ಏಳು ತಿಂಗಳ ಕೆಲಸ ತುಂಡಾಗಿ ನೆಲಕ್ಕೆ ಬಿತ್ತು. ತೂತಲ್ಲಿ ಉಳಿದದ್ದನ್ನು ಉಳಿಯಿಂದ ಕೆತ್ತಿ ತೆಗೆದು ಹಳೇ ಕಾಲು ಕೂರಿಸಿದ. ಭೂತಗನ್ನಡಿಯಮ್ಮ ಅದರ ಮೇಲೆ ಕೂತು, ಬೆನ್ನು ಒರಗಿಸಿ, ಹಾಯಾಗಿ ಉಸಿರು ಬಿಟ್ಟಳು. "ಮುಂದಿನ ಸಲ ಹೇಳಿದಷ್ಟೇ ಮಾಡಿ," ಅಂತ ಹೇಳಿ ಕುರ್ಚಿ ಹೊರಿಸಿಕೊಂಡು ಹೋದಳು.

ಬಡಗಿ ಮೂಲೆಯ ಕಡೆ ನೋಡಿದ. ಅವನ ಕುರ್ಚಿ ಮೂರು ಕಾಲಲ್ಲಿ ಗೋಡೆಗೆ ಒರಗಿತ್ತು. ಪಾಲಿಶ್ ಡಬ್ಬವಾದರೂ ಇದೆಯಲ್ಲ ಎಂದು ತಿರುಗಿದರೆ ಅದರ ಮೇಲೆ ಭಾವಮೈದ ಕೂತಿದ್ದ. ಬಡಗಿಯೂ ಕುರ್ಚಿಯ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತ.

"ಬೇಜಾರು ಮಾಡ್ಕೋಬೇಡಿ ಭಾವ," ಅಂದ ಭಾವಮೈದ. "ನಿಮ್ಮದು ಮುಕ್ಕಾಲು ಆಗಿದೆಯಲ್ಲ. ಉಳಿದ ಕಾಲು ನಾನೇ ನೋಡ್ಕೋತೀನಿ."