ನಮ್ಮ ಮನೆಗೆ ಇನ್ನೊಬ್ಬ ಮಾಲಕ

ಮನೆ ಬಾಡಿಗೆಗೆ ಕೊಡುವಾಗ ಮನುಷ್ಯರ ಬುದ್ಧಿ ಎಲ್ಲಿಗೆ ಹೋಗಿರುತ್ತದೋ ನನಗೆ ಇಂದಿಗೂ ತಿಳಿದಿಲ್ಲ. ನಾಲ್ಕು ಬದನೆಕಾಯಿ ಕೊಳ್ಳುವಾಗಲೂ ತಿರುಗಿಸಿ ಮುರುಗಿಸಿ ಹುಳುಕು ಹುಡುಕುವ ನಾನು, ಮಗರಪಟ್ಟಾ ಬಡಾವಣೆಯ ಆಚೆಗಿರುವ ನಮ್ಮ ಫ್ಲ್ಯಾಟನ್ನು ಪ್ರಶಾಂತನೆಂಬ ಹುಡುಗನಿಗೆ ಕೊಟ್ಟದ್ದು ಅವನು ಕನ್ನಡ ಮಾತಾಡಿದ ಎಂಬ ಒಂದೇ ಕಾರಣಕ್ಕೆ. ಅದೂ ನಮ್ಮ ಕಡೆಯ ಕನ್ನಡವಲ್ಲ, ಬೆಂಗಳೂರಿನದು. ಹೊರಗೆ ದಿನವಿಡೀ ಮರಾಠಿ ಆಡಿ ಬಾಯಿ ದಣಿದವಳಿಗೆ ಅಷ್ಟೇ ಸಾಕಾಯಿತು. ಕರಾರುಪತ್ರದಲ್ಲಿ ‘ಬೇರೆ ಯಾರನ್ನೂ ಇರಿಸತಕ್ಕದ್ದಲ್ಲ’ ಎಂಬ ಸಾಲನ್ನು ನಮ್ಮ ಮನೆಯವರು ಎರಡು ಸಲ ಗಟ್ಟಿಯಾಗಿ ಓದಿದರು. ಅವನು ಎರಡು ಸಲವೂ ವಿನಯದಿಂದ ತಲೆಯಾಡಿಸಿದ.

ಕೆಲವು ತಿಂಗಳ ಮೇಲೆ ಅಲ್ಲಿಯ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಫೋನು ಮಾಡಿ, ನಿಮ್ಮ ಬಾಲ್ಕನಿಯಲ್ಲಿ ಕೂಸಿನ ಬಟ್ಟೆ ಒಣಗುತ್ತಿವೆಯಲ್ಲ, ಆ ಹುಡುಗನಿಗೆ ಮದುವೆಯಾಯಿತೇ ಎಂದು ವಿಚಾರಿಸಿದರು. ಮದುವೆಗೆ ನಮ್ಮನ್ನು ಕರೆಯಲೇ ಇಲ್ಲವಲ್ಲ ಎಂದೇ ನನಗೆ ಮೊದಲು ಸಿಟ್ಟು ಬಂದದ್ದು. ಮನೆಯವರು ಮಾತ್ರ ಗಂಭೀರರಾದರು. “ಅವ ಮನಿ ಮತ್ತೊಬ್ಬರಿಗೆ ಕೊಟ್ಟಾನ,” ಅಂದರು. ಪ್ರಶಾಂತ ಫೋನು ಎತ್ತಲಿಲ್ಲ. ಇವರಿಗೆ ಮೊಣಕಾಲು ನೋವು. ಹಾಗಾಗಿ ಹೊರಡುವ ಪಾಳಿ ನನ್ನದಾಯಿತು. “ನಿಂತಲ್ಲೇ ಮಾತಾಡು. ಒಳಗ ಕೂಡಬ್ಯಾಡ, ಚಹಾ ಕುಡೀಬ್ಯಾಡ. ಖಾಲಿ ಮಾಡ್ರಿ ಅಂತ ಹೇಳಿ ಬಾ,” ಎಂದು ತಿಳಿಸಿ ಕಳಿಸಿದರು.

ಬಾಗಿಲು ತೆರೆದವಳು ಬಾಣಂತಿ. ತಲೆಗೆ ಬಿಗಿದ ಸ್ಕಾರ್ಫು, ಹೆಗಲ ಮೇಲೆ ಕೂಸು. ಪ್ರಶಾಂತ ಇದ್ದಾನೆಯೇ ಎಂದು ರೂಢಿಯಂತೆ ಕನ್ನಡದಲ್ಲೇ ಕೇಳಿದೆ. ಅವಳ ಮುಖ ಅರಳಿತು. “ಅಯ್ಯ, ನಮ್ಮ ಕಡಿಯವ್ರೇನ್ರಿ ಅಕ್ಕಾರ! ಮಾಲಕ್ರು ಇಲ್ಲಿ ಇರಲ್ರಿ. ಹೈದರಾಬಾದಿಗಿ ಹೋಗ್ಯಾರ್ರಿ,” ಅಂದಳು. ನಮ್ಮ ಮನೆಗೆ ಇನ್ನೊಬ್ಬ ಮಾಲಕನಿದ್ದಾನೆಂಬುದು ನನಗೆ ಗೊತ್ತಾದದ್ದು ಹೀಗೆ. ಗೋಡೆಯ ಮೊಳೆಗಳನ್ನು, ಮೇಲಿನ ಸೂರನ್ನು ನೋಡುತ್ತ ನಿಂತೆ. ನಾನು ನೋಡುವ ರೀತಿ ಕಂಡು ಅರಳಿದ ಮುಖ ಬಾಡಿತು. “ಮನಿ ಬಾಡಿಗಿ ಹಿಡಿಲಾಕ ಬಂದೀರೇನ್ರಿ? ಬ್ಯಾರೆ ಮಂದಿ ಬಂದ್ರ ನಿಮಗ ಮನಿ ಬಿಡಸ್ತೀನಿ ಅಂದಿದ್ರು ಮಾಲಕ್ರು.”

ನಾನು ಬಾಯಿ ತೆರೆಯುವ ಮೊದಲೇ ಆಕೆ, ಶರಣಮ್ಮ ಎಂದು ಹೆಸರು, ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಆ ಮನೆ ಎಷ್ಟು ಕೆಟ್ಟದ್ದೆಂದು ತೋರಿಸತೊಡಗಿದಳು. “ಈ ಬಚ್ಚಲ ನೋಡ್ರಿ. ನೀರು ಮೋರಿಗಿ ಹೋಗಲ್ಲ, ನೆಟ್ಟಗ ಪಡಸಾಲಿಗಿ ಬರ್ತದ. ಕೂಸಿಗಿ ಎರದ್ರ ಮನಿ ಎಲ್ಲಾ ಹೊಳಿ!” ಚಹಾ ಕುಡಿಯಬಾರದೆಂಬುದು ನನಗೆ ನೆನಪಿತ್ತು, ವಾದ ಮಾಡಬಾರದೆಂದು ಯಾರೂ ಹೇಳಿರಲಿಲ್ಲ. ಆ ಬಚ್ಚಲಿನ ಟೈಲ್ಸು ಆರಿಸಿದವಳು ನಾನು. “ಇಳಿಜಾರು ಸರಿ ಅದ. ನೀವು ನೀರು ಭಾಳ ಚೆಲ್ಲತೀರಿ,” ಅಂದೆ. “ಗ್ವಾಡಿ ಹಸಿ ಅದ್ರಿ.” “ತಂಪು ಇರತದ.” “ಮಧ್ಯಾಹ್ನ ಬಿಸಲ ಹೊಡಿತದ್ರಿ.” “ಕೂಸಿನ ಬಟ್ಟಿ ಒಣಗತಾವಲ್ಲ!” ಕೊನೆಗೆ ಆಕೆ, “ಈ ಖಿಡಕಿ ಅಂತೂ ತೆರಿಯಂಗೇ ಇಲ್ರಿ, ಬಂದಾಗಿಂದ ಗಾಳಿ ಕಂಡಿಲ್ಲ,” ಅಂದಾಗ ನನ್ನ ತಾಳ್ಮೆ ತಪ್ಪಿತು. ಹೋಗಿ ಕದವನ್ನು ತುಸು ಮೇಲಕ್ಕೆತ್ತಿ ಅಂಗೈಯಿಂದ ಒಂದು ಗುದ್ದು ಕೊಟ್ಟೆ. ತೆರೆಯಿತು. ಗಾಳಿಗೆ ಕೂಸು ಕಣ್ಣು ಪಿಳಿಪಿಳಿ ಮಾಡಿತು.

ಶರಣಮ್ಮ ಕಿಟಕಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಇದು ನಿಮಗ ಹ್ಯಾಂಗ ಗೊತ್ತ್ರಿ?” “ಈ ಮನಿ ನಮ್ಮದು. ಮೊದಲು ನಾವೇ ಇಲ್ಲಿ ಇದ್ವಿ,” ಅಂದೆ. ಆಕೆ ಹಾಗೆಯೇ ನೆಲಕ್ಕೆ ಕುಳಿತಳು. ಗಂಡ ಕಟ್ಟಡದ ಕೆಲಸದಲ್ಲಿ ಸಾಮಾನು ಕಾಯುವವನು. ಇಲ್ಲಿಗೆ ಬರುವ ಮೊದಲು ಅಲ್ಲಿಯ ತಗಡಿನ ಶೆಡ್ಡಿನಲ್ಲೇ ಇದ್ದರಂತೆ. “ಮತ್ತ ಅಲ್ಲೇ ಹೋಗಬೇಕೇನ್ರಿ ಅಕ್ಕಾರ? ಬ್ಯಾಸಗಿ ಬಂತು. ಹಸಿಗೂಸು ಅದ.” ಅವಳು ಅಳಲಿಲ್ಲ. ಅತ್ತಿದ್ದರೆ ‘ಖಾಲಿ ಮಾಡ್ರಿ’ ಅನ್ನುವುದು ಸುಲಭವಾಗುತ್ತಿತ್ತೋ ಏನೋ.

ಅವಳ ಫೋನಿನಿಂದಲೇ ಪ್ರಶಾಂತನಿಗೆ ಹಚ್ಚಿದೆ. ಕೂಡಲೇ ಎತ್ತಿದ. “ಏನಮ್ಮಾ, ಮತ್ತೆ ಬಾತ್‌ರೂಮ್ ಕಂಪ್ಲೇಂಟಾ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಬೇಕು,” ಎಂದ. ಮಾಲಕನ ಆ ದನಿ ನನಗೆ ಈವರೆಗೆ ಸಿದ್ಧಿಸಿಲ್ಲ. “ನಾನಪ್ಪಾ, ಆಂಟಿ,” ಅಂದೆ. ಅವನ ದನಿ ಒಮ್ಮೆಲೇ ಇಳಿಯಿತು. “ಆಂಟಿ, ನಿಮಗೆ ಹೇಳೋಣ ಅಂತಾನೇ ಇದ್ದೆ. ಟೆಂಪರರಿ ಅಷ್ಟೇ...” “ನೀ ಬಂದು ನಿನ್ನ ಕರಾರು ರದ್ದು ಮಾಡಿ ಸಹಿ ಹಾಕಿ ಹೋಗು. ಇವರ ಹೆಸರಿಲೆ ಹೊಸದು ಮಾಡತೀವಿ. ಪೊಲೀಸ್ ಠಾಣೆಗೆ, ಸೊಸೈಟಿಗೆ ನಾವೇ ತಿಳಸತೀವಿ,” ಅಂದೆ. ಹೇಳಬೇಕೆಂದು ಬಂದದ್ದು ಈ ಮಾತಲ್ಲ. ಆದರೆ ಬಾಯಿಂದ ಹೊರಟದ್ದು ಇದೇ. ಆಮೇಲೆ ಚಹಾ ಕುಡಿದೆ. ಕುಳಿತೇ ಕುಡಿದೆ.

“ಖಾಲಿ ಮಾಡಿಸಿ ಬಂದ್ಯಾ?” ಎಂದರು ಮನೆಯವರು. “ಪ್ರಶಾಂತನ್ನ ಖಾಲಿ ಮಾಡಿಸಿದೆ,” ಎಂದು ನಡೆದದ್ದನ್ನೆಲ್ಲ ಹೇಳಿದೆ. ಇವರು ಸಿಟ್ಟಾಗಲಿಲ್ಲ. ಇರುವವರ ಹೆಸರೇ ಕಾಗದದಲ್ಲಿಯೂ ಇದ್ದರೆ ನಮಗೂ ಒಳ್ಳೆಯದು, ಅವರಿಗೂ ಒಳ್ಳೆಯದು ಎಂದು ಒಪ್ಪಿದರು. ತುಸು ಹೊತ್ತಿನ ಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡುತ್ತ ಕೇಳಿದರು: “ಬಚ್ಚಲ ಸರಿ ಅದ ಅಂತ ನೀ ಅಂದಿ?” “ಅಂದೆ.” “ಆ ಬಚ್ಚಲದ ಕಾಟಕ್ಕಲ್ಲೇನು, ನೀ ನನ್ನ ಜೀವಾ ತಿಂದು ಆ ಮನಿ ಬಿಡಿಸಿದ್ದು?”

ನಾನು ಕೇಳಿಸದವಳಂತೆ, ಬಚ್ಚಲು ಒಡೆದು ಕಟ್ಟುವ ಗವಂಡಿಯ ನಂಬರು ಹುಡುಕತೊಡಗಿದೆ.