ರೋಗದ ಕಪ್ಪೆ ಬೇಕಾಗಿತ್ತು

ಬೇರೆಯವರು ಸಂಶೋಧನೆ ಮಾಡಿದರೆ ಪದವಿ ಸಿಗುತ್ತದೆ, ಕಪ್ಪೆಯ ಮೇಲೆ ಮಾಡಿದವರಿಗೆ ಪದವಿಯ ಜೊತೆಗೆ ಕಥೆಗಳೂ ಸಿಗುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಪ್ಪೆಗಳ ರೋಗ ಹುಡುಕುತ್ತಿದ್ದೆ. ಕೆಂಪುಕಾಲು ಅಂತ ಒಂದು ರೋಗ. ಅದು ತಗಲಿದ ಕಪ್ಪೆಯ ತೊಡೆ, ಹೊಟ್ಟೆಯ ಕೆಳಭಾಗ ರಕ್ತ ಹೆಪ್ಪುಗಟ್ಟಿದ ಹಾಗೆ ಕೆಂಪಾಗುತ್ತವೆ, ಆಮೇಲೆ ಅದು ಸಾಯುತ್ತದೆ.

ನಮ್ಮ ಗೈಡ್ ಸಾಹೇಬರು ಮಾತು ಕಡಿಮೆ ಆಡುವವರು. ಮಳೆಗಾಲದ ಆರಂಭಕ್ಕೆ ನನ್ನನ್ನು ಕರೆದು, "ಈ ಮಳಿಗಾಲ ಮುಗಿಯೂದ್ರೊಳಗ ರೋಗದ ಕಪ್ಪಿ ತಂದ್ರ ನಿನ್ನ ವಿಷಯ ಇರತದ. ಇಲ್ಲಂದ್ರ ಜಿರಳಿ ಮ್ಯಾಲೆ ಕೆಲಸಾ ಮಾಡು" ಅಂದರು. ಜಿರಳೆ ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಮುಳ್ಳು. ಜೊತೆಗೆ ಮೈಸೂರು ಕಡೆಯ ಒಬ್ಬ ಸಹಪಾಠಿಯನ್ನು ಕಟ್ಟಿಕೊಂಡು, ಬಲೆ ಮತ್ತು ಮಣ್ಣಿನ ಗಡಿಗೆ ಹಿಡಿದು, ಇಂಡಿ ಬಸ್ಸು ಹತ್ತಿದೆ.

ಬೀಗರಿಗೆ ಹುಳುಕು ಬದನೆಕಾಯಿ

ಹೊರ್ತಿಯ ಹತ್ತಿರ ಒಬ್ಬ ರೈತರ ತೋಟದ ಬಾವಿಯಲ್ಲಿ ಕಪ್ಪೆಗಳು ಬೇಕಾದಷ್ಟಿದ್ದವು. ಅವರ ಹತ್ತಿರ ವಿಷಯ ಹೇಳಿದೆ. ಕಾಲು ಕೆಂಪಾದವು, ಮಂಕಾಗಿ ಕುಳಿತವು, ಅಂಥವು ಕಂಡರೆ ಹಿಡಿದಿಡಿ, ನಾಳೆ ಬರುತ್ತೇವೆ ಅಂದೆ. ಅವರು ಎಲ್ಲ ಕೇಳಿಸಿಕೊಂಡು, "ಆತ್ರಿ, ನೀವೇನ್ ಚಿಂತಿ ಮಾಡಬ್ಯಾಡ್ರಿ" ಅಂದರು.

ಮರುದಿನ ಹೋದರೆ ಬುಟ್ಟಿಯ ತುಂಬ ಕಪ್ಪೆ. ಒಂದೊಂದೂ ದಷ್ಟಪುಷ್ಟ, ಮೈ ಮಿರಮಿರ ಮಿಂಚುತ್ತಿತ್ತು. ಮುಚ್ಚಳ ತೆಗೆದದ್ದೇ ತಡ, ಎರಡು ಕಪ್ಪೆ ನನ್ನ ಸಹಪಾಠಿಯ ಹೆಗಲ ಮೇಲಿಂದಲೇ ಹಾರಿ ಹೋದವು.

"ಕಾಕಾ, ರೋಗದ್ದು ಒಂದೂ ಸಿಗಲಿಲ್ಲೇನ್ರಿ?" ಅಂತ ಕೇಳಿದೆ.

"ಸಿಕ್ಕಿದ್ವಲ್ರಿ! ಅವನ್ನೆಲ್ಲಾ ಆರಿಸಿ ದೂರ ಹಳ್ಳಕ್ಕ ಒಗದು ಬಂದೇನಿ."

ನಾನು ಹಣೆ ಚಚ್ಚಿಕೊಂಡೆ. "ಅವ ಬೇಕಾಗಿದ್ವಲ್ರಿ ನಮಗ!"

ಅವರಿಗೆ ಸಿಟ್ಟು ಬಂತು. "ಏನ್ ಮಾತಾಡ್ತೀರಿ? ನೀವು ಕೇಳಿದ್ರಿ ಅಂತ ಕೊಟ್ಟುಬಿಡೂದೇನು? ಮನಿಗೆ ಬಂದ ಬೀಗರು ನಾಚಿಕೊಂಡು ಹುಳಕ ಬದನಿಕಾಯಿ ಸಾಕು ಅಂದ್ರ, ಹುಳಕನ್ನ ಹಾಕ್ತೀವೇನ್ರಿ?"

ಖಾನಾವಳಿ

ಸಿಂದಗಿಯಲ್ಲಿ ಊಟಕ್ಕೆ ಒಂದು ಖಾನಾವಳಿಗೆ ಹೋದೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಗಡಿಗೆಯನ್ನು ಕಾಲ ಹತ್ತಿರ ಇಟ್ಟುಕೊಂಡಿದ್ದೆವು. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಗಡಿಗೆಯೊಳಗಿನಿಂದ ಹೊರ್ತಿಯ ಕಪ್ಪೆಯೊಂದು, "ವಟ್ರ್" ಅಂದಿತು.

ಖಾನಾವಳಿಯ ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದರು. ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಸರಿಸಿ ನೋಡಿ, ನಮ್ಮ ತಟ್ಟೆಗೆ ಕೈ ಹಾಕಿಯೇ ಬಿಟ್ಟರು. ಆಗ ಕಪ್ಪೆಯ ಕಾಲುಗಳು ಪರದೇಶಕ್ಕೆ ಹೋಗುತ್ತವೆ, ಅಲ್ಲಿಯ ಜನ ತಿನ್ನುತ್ತಾರೆ ಅಂತ ಸುದ್ದಿ ಎಲ್ಲ ಕಡೆ ಹಬ್ಬಿತ್ತು.

"ಕಪ್ಪಿ ತಿನ್ನವರಿಗೆ ಇಲ್ಲಿ ಊಟ ಇಲ್ರಿ. ಏಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಸಹಪಾಠಿ ತನ್ನ ಮೈಸೂರು ನಯದಲ್ಲಿ, "ಅಯ್ಯೋ ಅಮ್ಮಾ, ತಿನ್ನೋದಕ್ಕಲ್ಲ. ಸುಮ್ನೆ ಕೊಯ್ದು ನೋಡೋದಕ್ಕೆ" ಅಂದ.

ಅಕ್ಕ ತಟ್ಟೆ ಎತ್ತಿಕೊಂಡೇಬಿಟ್ಟರು. "ತಿಂತೀವಿ ಅಂದಿದ್ರ ಪಾಪ, ಹಸಿವಿಗೆ ತಿಂತಾರ ಅಂತಿದ್ದೆ. ಸುಮ್ನ ಕೊಯ್ದು ಒಗೀತಾರಂತ, ಮನಶ್ಯಾರೇನು ಇವರು!"

ಆ ಎಣ್ಣೆಗಾಯಿಯ ವಾಸನೆ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡು ವರ

ಆ ವರ್ಷ ಮಳೆ ಸ್ವಲ್ಪ ತಡವಾಗಿತ್ತು. ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಲ್ಲಿ ಇಳಿದಾಗ ಮಳೆಗಾಗಿ ಕಪ್ಪೆಯ ಮದುವೆ ನಡೆದಿತ್ತು. ಬಾಸಿಂಗ, ಅರಿಶಿಣ, ಹಲಗೆ ಬಾರಿಸುವವರು, ಯಾವುದಕ್ಕೂ ಕಡಿಮೆ ಇಲ್ಲ. ಕಪ್ಪೆ ಓದಿದವರು ಬಂದಿದ್ದಾರೆ ಅಂತ ನಮ್ಮನ್ನೂ ಮುಂದೆ ಕೂರಿಸಿ ಕೈಗೆ ಅಕ್ಕಿಕಾಳು ಕೊಟ್ಟರು. ಎಲ್ಲರ ಜೊತೆ ನಾವೂ ಹಾಕಿದೆವು.

ಹಾಕಿದ ಮೇಲೆ ಸಹಪಾಠಿ ವಧೂವರರ ಕಡೆ ಬಗ್ಗಿ ನೋಡಿದ. ಗಂಡು ಕಪ್ಪೆಗೆ ಗಂಟಲಿನ ಎರಡೂ ಬದಿಗೆ ಕೂಗುವ ಚೀಲ ಇರುತ್ತದೆ. ವರನಿಗೂ ಇತ್ತು, ವಧುವಿಗೂ ಇತ್ತು. ಸುಮ್ಮನಿರು ಅಂತ ನಾನು ಎಷ್ಟು ಚಿವುಟಿದರೂ ಕೇಳದೆ ಅವನು ಊರ ಹಿರಿಯರಿಗೆ ಹೇಳಿಯೇ ಬಿಟ್ಟ.

ಹಿರಿಯರು ಆಚೀಚೆ ನೋಡಿ, ಅವನ ಕಿವಿಯ ಹತ್ತಿರ ಬಂದು, "ತಮ್ಮಾ, ಅಕ್ಕಿಕಾಳು ಬಿದ್ದ ಮ್ಯಾಲೆ ಕುಂಡಲಿ ತಗೀಬಾರದು. ನಮಗ ಮಳಿ ಬಂದ್ರ ಸಾಕು. ಸಂಸಾರ ಅವು ನೋಡಿಕೊಳ್ತಾವು" ಅಂದರು.

ಆ ವಾರವೇ ಮಳೆ ಹೊಡೆಯಿತು. ನಾವಿಬ್ಬರೂ ನೆನೆದು ತೊಪ್ಪೆಯಾದೆವು.

ಗಡಿಕಲ್ಲು

ಮಳೆ ಬಂದ ಮೇಲೆ ಬಸವನ ಬಾಗೇವಾಡಿ, ಮನಗೂಳಿಯ ಸುತ್ತ ತಿರುಗಿದೆವು. ಅಲ್ಲಿ ಒಂದು ಹಳ್ಳಿಯ ಕಟ್ಟೆಯ ಮೇಲೆ ಕುಳಿತು, ಇಲ್ಲಿ ಕಪ್ಪೆಗೆ ರೋಗ ಉಂಟೇ ಅಂತ ಕೇಳಿದೆ.

ಕಟ್ಟೆಯ ಮೇಲಿದ್ದವರಲ್ಲಿ ಒಬ್ಬರು ಮೆಲ್ಲಗೆ, "ಊರಿನ ಹೆಸರು ಬರಕೊಳ್ತೀರೇನ್ರಿ?" ಅಂದರು.

"ಬರಕೋಬೇಕಾಗ್ತೈತ್ರಿ."

"ಹಂಗಾರ ನಮ್ಮ ಊರಾಗ ರೋಗನ ಇಲ್ರಿ. ಈ ಊರ ನೀರ ಚಲೋ ಇಲ್ಲಂತ ಸುದ್ದಿ ಆದ್ರ ನಮ್ಮ ಹುಡುಗರಿಗೆ ಯಾರ್ರಿ ಹೆಣ್ಣ ಕೊಡ್ತಾರು? ಹಳ್ಳದ ಆಚಿ ಊರಾಗ ಭಾಳ ಐತಿ, ಅಲ್ಲಿ ಹೋಗ್ರಿ."

ಹಳ್ಳ ದಾಟಿ ಹೋದೆವು. ಅಲ್ಲಿಯವರು ಈಚೆಯ ಊರು ತೋರಿಸಿದರು. ಮಧ್ಯಾಹ್ನದ ತನಕ ಹೀಗೆ ಹಳ್ಳ ದಾಟಿ ದಾಟಿ ನಮ್ಮ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಮಳೆಗಾಲ ಮುಗಿಯುತ್ತ ಬಂದಿತ್ತು, ಜಿರಳೆಗಳು ನನ್ನ ಕನಸಿನಲ್ಲಿ ಬರತೊಡಗಿದ್ದವು. ನನ್ನ ಮುಖ ನೋಡಿ ಒಬ್ಬ ಮುದುಕರಿಗೆ ಕನಿಕರ ಬಂತು.

"ಒಂದ ಕೆಲಸಾ ಮಾಡ್ರಿ. ಎರಡೂ ಊರಿನ ನಡುವ ಗಡಿಕಲ್ಲು ಐತಿ. ಅದರ ಮ್ಯಾಲೆ ಕುಂತ ಕಪ್ಪಿ ಹಿಡೀರಿ. ಅದು ಯಾವ ಊರಿಗೂ ಸೇರಂಗಿಲ್ಲ."

ಹೋಗಿ ನೋಡಿದೆವು. ಗಡಿಕಲ್ಲಿನ ಮೇಲೆ ಓತಿಕ್ಯಾತ ಕುಳಿತಿತ್ತು.

ಹಳದಿಕಾಲು

ಕೊನೆಗೂ ದೇವರು ಕಣ್ಣು ಬಿಟ್ಟದ್ದು ನಾಲತವಾಡದ ಹತ್ತಿರ. ಒಂದು ಹೊಲದ ಬಾವಿಯಲ್ಲಿ ಕೆಂಪುಕಾಲಿನ ಕಪ್ಪೆಗಳು ಒಂದಲ್ಲ, ಹತ್ತಿಪ್ಪತ್ತು! ತೊಡೆ ಕುಂಕುಮದ ಹಾಗೆ ಕೆಂಪಾಗಿತ್ತು. ಪಾಪ ಅನ್ನುವುದನ್ನು ಬಿಟ್ಟು ನಾನು ಕುಣಿದಾಡಿಬಿಟ್ಟೆ. ಕೆಲವನ್ನು ಹಿಡಿದು ಗಡಿಗೆಗೆ ಹಾಕಿ, ಎಲ್ಲರೂ ಆಯಿ ಅನ್ನುವ ಹೊಲದ ಮನೆಯ ಅಜ್ಜಿಯ ಹತ್ತಿರ ಇಟ್ಟು, ಗೈಡ್ ಸಾಹೇಬರಿಗೆ ತಂತಿ ಕೊಟ್ಟೆವು. ಸಾಹೇಬರು ತಾವೇ ಬಂದು ನೋಡುತ್ತೇನೆ ಅಂದರು.

ಅವರು ಬರುವ ದಿನ ಬೆಳಿಗ್ಗೆ, "ಆಯಿ, ಗಡಿಗಿ ಕಡೆ ಲಕ್ಷ್ಯ ಇರಲಿ, ರೋಗದ ಕಪ್ಪಿ ಅದಾವು" ಅಂತ ಹೇಳಿ ಬಸ್ ಸ್ಟ್ಯಾಂಡಿಗೆ ಹೋದೆವು. ಆಯಿ, "ನೀವು ಹೋಗಿ ಬರ್ರಿ, ನಾ ನೋಡ್ಕೋತೇನಿ" ಅಂದರು.

ಸಾಹೇಬರು ಬಂದರು. ಬೇವಿನ ಗಿಡದ ಕೆಳಗೆ ಕುಳಿತು, ಕನ್ನಡಕ ಸರಿಮಾಡಿಕೊಂಡು, ಗಡಿಗೆಯಿಂದ ಒಂದು ಕಪ್ಪೆ ತೆಗೆದರು. ಕಪ್ಪೆಯ ಕಾಲು ಕೆಂಪಾಗಿರಲಿಲ್ಲ, ಹಳದಿಯಾಗಿತ್ತು. ಇನ್ನೊಂದು ತೆಗೆದರು. ಅದೂ ಹಳದಿ.

ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ. ಆದರೆ ಸಾಹೇಬರ ಮುಖ ಅರಳಿತು. ಅಷ್ಟು ವರ್ಷದಲ್ಲಿ ನಾನು ಅವರ ಹಲ್ಲು ನೋಡಿದ್ದು ಅವತ್ತೇ ಮೊದಲು.

"ಕೆಂಪುಕಾಲು ಎಲ್ಲಾ ಪುಸ್ತಕದಾಗ ಅದ. ಇದು ಹಳದಿಕಾಲು! ಇದನ್ನ ಯಾರೂ ನೋಡಿಲ್ಲ. ಹೊಸಾ ರೋಗ ಇದು, ತಿಳೀತಿಲ್ಲೋ? ಬರಕೋ, ಬರಕೋ. ಬಣ್ಣ ಸಮನಾಗಿ ಹರಡೇದ. ಬಲಗಾಲಿಗೆ ಸ್ವಲ್ಪ ಜಾಸ್ತಿ ಅದ..."

ಸಹಪಾಠಿ ಬರೆಯತೊಡಗಿದ. ಸಾಹೇಬರು ಮೂಗಿನ ಹತ್ತಿರ ಒಯ್ದು, "ಒಂದು ಥರಾ ವಾಸನಿನೂ ಅದ" ಅಂದರು. ಅಷ್ಟರಲ್ಲಿ ಒಳಗಿನಿಂದ ಆಯಿ ಬಟ್ಟಲು ಹಿಡಿದು ಬಂದರು.

"ಸ್ವಲ್ಪ ಆಚಿ ಸರೀರಿ ಸಾಹೇಬ್ರ. ಇನ್ನ ಎರಡಕ್ಕ ಅರಿಶಿಣ ಹಚ್ಚೂದ ಉಳದೈತ್ರಿ."

ಸಹಪಾಠಿ ಬರೆದ ಹಾಳೆಯನ್ನು ಮೆಲ್ಲಗೆ ಮಡಚಿ ಜೇಬಿಗೆ ಇಳಿಸಿದ. ಸಾಹೇಬರು ಕರವಸ್ತ್ರ ನೀರಿಗೆ ಅದ್ದಿ ಒಂದು ಕಪ್ಪೆಯ ಕಾಲು ಒರೆಸಿದರು. ಅರಿಶಿಣದ ಕೆಳಗೆ ಕೆಂಪು, ಚೆನ್ನಾದ ಕೆಂಪು! ನನಗೆ ಅಳುವೇ ಬಂದುಬಿಟ್ಟಿತು. ನನ್ನ ವಿಷಯ ಉಳಿದಿತ್ತು, ನಾನು ಜಿರಳೆಯಿಂದ ಪಾರಾಗಿದ್ದೆ.

ಆದರೆ ಆಯಿ ಸುಮ್ಮನಿರಲಿಲ್ಲ. "ಬೆಳಿಗ್ಗಿಂದ ಕುಂತು ಹಚ್ಚೇನಿ. ಒರಸಿದ್ರಿ ಹೌದಲ್ಲ? ಈಗ ನೀವ ಹಚ್ಚರಿ. ಜಡ್ಡಿನ ಜೀವ ಅದು" ಅಂತ ಬಟ್ಟಲನ್ನು ಸಾಹೇಬರ ಮುಂದೆ ಇಟ್ಟರು. ಇಡೀ ವಿಭಾಗವನ್ನು ಕಣ್ಣಿನಲ್ಲೇ ನಡುಗಿಸುತ್ತಿದ್ದ ಸಾಹೇಬರು ತೋಳು ಮಡಚಿ, ಕಪ್ಪೆಗಳ ತೊಡೆಗೆ ಒಂದೊಂದಾಗಿ ಅರಿಶಿಣ ಹಚ್ಚಿದರು. ಆಯಿ ನಿಂತು ನೋಡಿದರು, ಬಿಟ್ಟ ಜಾಗ ತೋರಿಸಿದರು.

ಮರುದಿನ ವಿಭಾಗಕ್ಕೆ ಬಂದರೂ ಸಾಹೇಬರ ಬೆರಳುಗಳು ಹಳದಿಯಾಗಿಯೇ ಇದ್ದವು. ಬಾಗಿಲಲ್ಲಿ ನಮ್ಮ ಜವಾನ ನಮಸ್ಕಾರ ಮಾಡಿ, ಕೈ ನೋಡಿ ನಕ್ಕ.

"ಯಾರ ಮದವಿ ಮುಗಿಸಿ ಬಂದ್ರಿ ಸರ್?"

ಸಾಹೇಬರು ಸಿಡುಕಿನಿಂದ, "ಕಪ್ಪಿದು" ಅಂದರು.

ಜವಾನನ ನಗು ನಿಂತಿತು. ಮುಗಿಲ ಕಡೆ ಒಮ್ಮೆ ನೋಡಿ, ಭಕ್ತಿಯಿಂದ ಕೇಳಿದ:

"ಮತ್ತ ಮಳಿ ಬಂತೇನ್ರಿ?"