ಮೇಜರ್ ಸಾಹೇಬರ ಕಡೆಯ ಮಾತು

ಎಲ್ಲಕ್ಕೂ ಕಾರಣ ಬಸವಪ್ರಸಾದನ ದವಡೆ ಹಲ್ಲು. ಸಂಜೆ ಖಾನಾಪುರದಲ್ಲಿ ಯುದ್ಧದ ನಾಟಕ. ಸೇನಾಧಿಕಾರಿಯ ಪಾತ್ರ ಮಾಡಬೇಕಾದ ಅವನ ಕೆನ್ನೆ ಬೆಳಿಗ್ಗೆ ಬನ್ನಿನಂತೆ ಊದಿತ್ತು. ನಾಟಕ ಬರೆದ ಶಿವಲಿಂಗ ಮಾಸ್ತರರು ಬೆಳಗಾವಿಯ ರಾಮತೀರ್ಥ ನಗರದ ತಮ್ಮ ಮನೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು.

ಅವರ ಹೆಂಡತಿ ಪ್ರಮಿಳಾ ಸುಮ್ಮನೆ ಕೂಡುವ ಜೀವವಲ್ಲ. ಮಾಸ್ತರರ ಚಹಾ ಆರುವುದರೊಳಗೆ ಎಲ್ಲಿಗೋ ಹೋಗಿ ಬಂದು, "ಚಿಂತಿ ಬಿಡ್ರಿ. ಎದುರುಮನಿ ಮೇಜರ್ ಇನಾಮದಾರ ಸಾಹೇಬ್ರು ಪಾರ್ಟ್ ಮಾಡಾಕ ಒಪ್ಪ್ಯಾರ. ನಾಟಕದ ಪ್ರತಿನೂ ಕೊಟ್ಟ ಬಂದೀನಿ" ಎಂದಳು.

ಮಾಸ್ತರರ ಜೀವ ಬಾಯಿಗೆ ಬಂತು. "ಅಯ್ಯೋ ಮಾರಾಯ್ತಿ! ನಾಟಕದಾಗಿನ ದಡ್ಡ ಅಧಿಕಾರಿ ಅಂದ್ರ ಅವರೇ ಅಲ್ಲೇನ!"

ಮೇಜರರ ಕೈಕೆಳಗೆ ದುಡಿದ ಖಾನಾಪುರದ ಹವಾಲ್ದಾರ ಕಲ್ಲಯ್ಯ ಹೇಳಿದ ಕತೆಯೇ ಅದು. ನಕ್ಷೆಯನ್ನು ತಲೆಕೆಳಗಾಗಿ ಹಿಡಿದು, ದಾರಿ ಬಲ್ಲವರ ಮಾತು ಕೇಳದೆ, ಸಾಹೇಬರು ತುಕಡಿಯನ್ನು ನಮ್ಮವರೇ ಹುಗಿದಿಟ್ಟ ನೆಲಬಾಂಬುಗಳ ಮೇಲೆ ನಡೆಸಿದ್ದರು. ಕಲ್ಲಯ್ಯನ ಒಂದು ಕಾಲು ಅಲ್ಲೇ ಉಳಿಯಿತು. "ತಪ್ಪಾತು ಅಂತ ಒಂದ ಮಾತು ಆಡಲಿಲ್ರಿ ಅವರು" ಎಂದು ಅವನು ಕಣ್ಣೊರೆಸಿಕೊಂಡಾಗ, "ರಂಗದ ಮ್ಯಾಲರ ಆ ಮಾತು ಆಡಸ್ತೀನಿ ಕಲ್ಲಯ್ಯ" ಎಂದು ಮಾಸ್ತರರು ಭಾಷೆ ಕೊಟ್ಟಿದ್ದರು.

ಮಧ್ಯಾಹ್ನ ಮೇಜರರು ಪ್ರತಿ ಹಿಡಿದು ಬಂದರು.

"ಭಾಳ ಖರೇ ಬರದೀರಿ ಮಾಸ್ತರ! ಇಂಥಾ ಮೂರ್ಖರನ್ನ ಸೈನ್ಯದಾಗ ನಾ ಕಣ್ಣಾರೆ ಕಂಡೀನಿ" ಎಂದು ಮೇಜರರು ಬೆನ್ನು ತಟ್ಟಿದರು. ತನ್ನ ಬೆನ್ನು ತನಗೆ ಕಾಣದು ಅನ್ನುವುದು ಸುಳ್ಳಲ್ಲ. "ನಡೀರಿ, ದಾರಿ ನಾ ತೋರಸ್ತೀನಿ."

ನಾಟಕದ ತಂಡ ಹೊತ್ತ ಟೆಂಪೋ ಹೊರಟಿತು. "ಸಾಹೇಬ್ರ, ಖಾನಾಪುರ ಆ ಕಡೆ ಐತ್ರಿ" ಎಂದ ಚಾಲಕ ಸಂಜಯ.

"ನಕ್ಷಾ ನನ್ನ ಕೈಯಾಗ ಐತಿ. ಬಾಯಿ ಮುಚ್ಚಿ ಹೊಡಿ!"

ಸ್ವಲ್ಪ ಹೊತ್ತಿಗೆ ಟೆಂಪೋದ ನೆತ್ತಿಯ ಮೇಲೆಯೇ ಒಂದು ವಿಮಾನ ಗಾಲಿ ಬಿಚ್ಚಿಕೊಂಡು ಇಳಿಯಿತು. ಅದು ಸಾಂಬ್ರಾ ವಿಮಾನ ನಿಲ್ದಾಣ; ಖಾನಾಪುರಕ್ಕೆ ಪೂರ್ತಿ ಉಲ್ಟಾ ದಿಕ್ಕು! ತಾವು ಬರೆದ ಮೊದಲ ಅಂಕ ರಸ್ತೆಯಲ್ಲೇ ನಡೆಯುತ್ತಿರುವುದನ್ನು ಕಂಡು ಮಾಸ್ತರರು ದಂಗಾದರು.

ಮತ್ತೆ ಇಡೀ ಬೆಳಗಾವಿ ದಾಟಿ ಖಾನಾಪುರ ಮುಟ್ಟಿದಾಗ ಜನ ಸೀಟಿ ಹೊಡೆಯುತ್ತಿದ್ದರು. ಮುಂದಿನ ಸಾಲಿನಲ್ಲಿ ಕಲ್ಲಯ್ಯ ಊರುಗೋಲು ಹಿಡಿದು ಕೂತಿದ್ದ. ಕಡೆಯ ದೃಶ್ಯ ಬಂತು. ಗಾಯಗೊಂಡ ಸೈನಿಕನ ಮುಂದೆ ಅಧಿಕಾರಿ ಮಂಡಿಯೂರಿ, "ತಪ್ಪು ನನ್ನದು" ಅನ್ನಬೇಕು. ಪರದೆಯ ಸಂದಿಯಿಂದ ಮಾಸ್ತರರು ಕಲ್ಲಯ್ಯನ ಮುಖವನ್ನೇ ನೋಡುತ್ತಿದ್ದರು.

ಮೇಜರರು ಮಂಡಿಯೂರಲಿಲ್ಲ. ಮೀಸೆ ತಿರುವಿ ಗುಡುಗಿದರು: "ಕಾಲ ಕೆಳಗ ನೋಡಿ ನಡಿಯೂದು ಗೊತ್ತಿಲ್ಲೇನ ನಿನಗ?"

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಮೇಜರರು ಬೆವರೊರೆಸುತ್ತ ಇಳಿದರು. "ಕಡೀ ಮಾತು ನಾ ತಿದ್ದೀನಿ, ಮಾಸ್ತರ. ಅಂಥಾ ಅಧಿಕಾರಿ ಎಲ್ಲೆರ ತಪ್ಪು ಒಪ್ಪತಾನೇನ್ರಿ? ನಾಟಕ ಅಂದಮ್ಯಾಲ ಖರೇ ಇರಬೇಕು!"

ಮಾಸ್ತರರಿಗೆ ಅಳು ಬಂತು. ಕಲ್ಲಯ್ಯನ ಬಳಿ ಓಡಿ, "ಭಾಷೆ ಉಳಸ್ಕೊಳ್ಳಾಕ ಆಗಲಿಲ್ಲಪಾ" ಎಂದರು.

ಕಲ್ಲಯ್ಯನ ಮುಖ ಬಿಳಿಚಿಕೊಂಡಿತ್ತು. "ದವಾಖಾನ್ಯಾಗ ನನ್ನ ಮಂಚದ ಮುಂದ ನಿಂತು ಅವರು ಅಂದದ್ದೂ ಇದೇ ಮಾತು ನೋಡ್ರಿ, ಮಾಸ್ತರ. ಒಂದ ಅಕ್ಷರ ಹೆಚ್ಚಿಲ್ಲ, ಕಡಿಮಿಲ್ಲ."

ಅಷ್ಟರಲ್ಲಿ ಹೊರಗೆ ಟೆಂಪೋದ ಹಾರ್ನ್ ಕೇಳಿಸಿತು. ಮುಂದಿನ ಸೀಟಿನಿಂದ ಮೇಜರರು ಕೂಗುತ್ತಿದ್ದರು: "ಲಗೂನ ಹತ್ತರಿ! ನಕ್ಷಾ ನನ್ನ ಹತ್ರನ ಐತಿ."